ಡಾಕ್ಟರ್ ಬೆಳಿಗ್ಗೆ 9ಕ್ಕೆ ‘ಮನೆಗೆ ಹೋಗಿ’ ಅಂದ ಮೇಲೂ ಡಿಸ್ಚಾರ್ಜ್ ಸಂಜೆಯಾಗೋದು ಯಾಕೆ?

ಬೆಳಿಗ್ಗೆ 9ಕ್ಕೆ ಡಾಕ್ಟರ್ ‘ಇವತ್ತು ಹೋಗಬಹುದು’ ಅಂದರು, ಅಪ್ಪನನ್ನು ಕರೆದುಕೊಂಡು ಗೇಟು ದಾಟುವಾಗ ಸಂಜೆ 6 ಆಗಿತ್ತು, ಒಂದು ದಿನದ ರೂಮ್ ಬಾಡಿಗೆ ಜಾಸ್ತಿ ಹಾಕೋಕೆ ಬೇಕಂತಲೇ ಹೀಗೆ ಮಾಡ್ತಾರಾ ಅಂತ ಕೇಳಿದ್ದೀರಿ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹನ್ನೊಂದು ವರ್ಷ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಈಗ ನಾಲ್ಕು ವರ್ಷದಿಂದ ಯಾವ ಹಾಸಿಗೆ ಯಾವಾಗ ಖಾಲಿಯಾಗುತ್ತೆ, ಯಾರಿಗೆ ಕೊಡಬೇಕು ಅಂತ ನೋಡಿಕೊಳ್ಳೋದೇ ನನ್ನ ಕೆಲಸ. ನಾನು ಕಂಡಮಟ್ಟಿಗೆ ಬೇಕಂತ ಯಾರೂ ಮಾಡಲ್ಲ. ಆದರೆ ನಿಮಗೆ ಬಂದ ಕೋಪ ನ್ಯಾಯವಾದದ್ದೇ, ಯಾಕಂದ್ರೆ ಆ ಒಂಬತ್ತು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಸಬಹುದಾಗಿತ್ತು.

ರೌಂಡ್ಸ್‌ನಲ್ಲಿ ಡಾಕ್ಟರ್ ‘ಡಿಸ್ಚಾರ್ಜ್’ ಅಂತ ಕೇಸ್ ಶೀಟ್‌ನಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋಗ್ತಾರೆ. ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿ, ಅಂದ್ರೆ ಏನು ಕಾಯಿಲೆ, ಏನು ಚಿಕಿತ್ಸೆ ಅಂತ ವಿವರಿಸುವ ಕಾಗದ, ಬರೆಯೋದು ಡ್ಯೂಟಿ ಡಾಕ್ಟರ್. ಅವರೂ ರೌಂಡ್ಸ್‌ನಲ್ಲೇ ಇರ್ತಾರೆ, ಮುಗಿಯೋ ಹೊತ್ತಿಗೆ ಹನ್ನೊಂದು. ಸಮ್ಮರಿ ಟೈಪ್ ಆದ ಮೇಲೆ ದೊಡ್ಡ ಡಾಕ್ಟರ್ ಓದಿ ತಿದ್ದಬೇಕು, ಅಷ್ಟರಲ್ಲಿ ಅವರು ಆಪರೇಷನ್ ಥಿಯೇಟರ್ ಒಳಗೆ ಹೋಗಿರ್ತಾರೆ. ಇತ್ತ ವಾರ್ಡಿನಲ್ಲಿ ಬಳಸದೆ ಉಳಿದ ಇಂಜೆಕ್ಷನ್, ಡ್ರಿಪ್ ಬಾಟಲಿ ಎಲ್ಲಾ ಲೆಕ್ಕ ಹಾಕಿ ಫಾರ್ಮಸಿಗೆ ವಾಪಸ್ ಕಳಿಸಬೇಕು. ಆ ಹಣ ನಿಮ್ಮ ಬಿಲ್ಲಿನಲ್ಲಿ ಕಡಿತವಾಗುವವರೆಗೆ ಬಿಲ್ ಮುಚ್ಚೋಕಾಗಲ್ಲ. ನಿನ್ನೆ ಫಿಜಿಯೋಥೆರಪಿಯವರು ಬಂದು ಹೋದದ್ದನ್ನು ಯಾರೂ ಎಂಟ್ರಿ ಮಾಡಿಲ್ಲ ಅಂದ್ರೆ ಅವರನ್ನೂ ಹುಡುಕಬೇಕು. ಒಂದೊಂದೂ ಹತ್ತು ನಿಮಿಷದ ಕೆಲಸ. ಹತ್ತು ನಿಮಿಷದ ಆ ಕೆಲಸ ಮಾಡೋ ಕೈ ಸಿಗೋಕೆ ಒಂದು ಗಂಟೆ ಬೇಕು, ತೊಂದರೆ ಇರೋದು ಅಲ್ಲೇ.

ಇನ್ಶೂರೆನ್ಸ್ ಇದ್ದರೆ ಇನ್ನೊಂದು ಸುತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇನಲ್ಲಿ ಒಂದು ಸುತ್ತೋಲೆ ಹೊರಡಿಸಿತು: ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ 3 ಗಂಟೆಯೊಳಗೆ ಕ್ಯಾಶ್‌ಲೆಸ್‌ಗೆ (ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟೋದು) ಅಂತಿಮ ಒಪ್ಪಿಗೆ ಕೊಡಬೇಕು, ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು. ತುಂಬಾ ಜನ ಈ ನಿಯಮ ಹಿಡಿದು ಟಿಪಿಎ ಡೆಸ್ಕ್ (ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕಾಗದ ನೋಡಿಕೊಳ್ಳುವ ಕೌಂಟರ್) ಮುಂದೆ ಜಗಳಕ್ಕೆ ನಿಲ್ತಾರೆ. ಆದರೆ ಗಡಿಯಾರ ಶುರುವಾಗೋದು ಆಸ್ಪತ್ರೆಯವರು ಕಾಗದ ಕಳಿಸಿದಾಗ. ನೀವು 9ರಿಂದ ಎಣಿಸ್ತೀರಿ, ಸಮ್ಮರಿ, ಬಿಲ್ ಎರಡೂ ಕೈಸೇರಿ ನಮ್ಮವರು ಕಳಿಸಿದ್ದು ಮಧ್ಯಾಹ್ನ 2ಕ್ಕೆ ಅಂದ್ರೆ ಕಂಪನಿ 2ರಿಂದ ಎಣಿಸುತ್ತೆ. ಹಾಗಾಗಿ ಡೆಸ್ಕ್‌ನಲ್ಲಿ ‘ಅಪ್ರೂವಲ್ ಬಂತಾ’ ಅಂತ ಕೇಳಬೇಡಿ, ‘ಎಷ್ಟು ಗಂಟೆಗೆ ಕಳಿಸಿದಿರಿ’ ಅಂತ ಕೇಳಿ.

ಈ ತಡ ನಿಮ್ಮೊಬ್ಬರ ದಿನ ಹಾಳು ಮಾಡೋದಕ್ಕೇ ನಿಲ್ಲಲ್ಲ. ಮೂವತ್ತು ಹಾಸಿಗೆಯ ವಾರ್ಡಿನಿಂದ ದಿನಕ್ಕೆ ಆರು ಜನ ಹೊರಡ್ತಾರೆ, ಒಬ್ಬೊಬ್ಬರೂ ಏಳು ಗಂಟೆ ಸುಮ್ಮನೆ ಕಾಯ್ತಾರೆ ಅನ್ನಿ. 42 ಗಂಟೆ ಆಯ್ತು. ಎರಡು ಹಾಸಿಗೆಗಳಿಗೆ ಹೆಚ್ಚುಕಡಿಮೆ ದಿನವಿಡೀ ಬೀಗ ಹಾಕಿದ ಹಾಗೆ. ಒಂದು ಮಧ್ಯಾಹ್ನ ಕ್ಯಾಶುವಾಲಿಟಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ನ್ಯುಮೋನಿಯಾ, ಟ್ರಾಲಿ ಮೇಲೆ ಐದು ಗಂಟೆ ಮಲಗಿದ್ದರು. ಆಕ್ಸಿಜನ್ ಹಾಕಿದ್ದೆವು, ಔಷಧಿ ಶುರುವಾಗಿತ್ತು, ಆದರೂ ಆ ಕಿರಿದಾದ ಟ್ರಾಲಿಯಲ್ಲಿ ಮಗ್ಗುಲು ಬದಲಿಸೋಕೂ ಆಗದೆ ಒದ್ದಾಡ್ತಿದ್ದರು. ಅದೇ ಹೊತ್ತಿಗೆ ಮೂರನೇ ಮಹಡಿಯಲ್ಲಿ ಪ್ಯಾಂಟು ಶರ್ಟು ಹಾಕಿ, ಚೀಲ ಕಟ್ಟಿಟ್ಟುಕೊಂಡು ಒಬ್ಬರು ಹಾಸಿಗೆ ಮೇಲೆ ಕೂತು ಬಿಲ್ಲಿಗೆ ಕಾಯ್ತಿದ್ದರು. ಅವರದ್ದೇನು ತಪ್ಪು? ಎರಡೂ ಕಡೆ ಓಡಾಡ್ತಿದ್ದ ನನಗೆ ಅವತ್ತು ಅಳು ಬಂತು.

ಆಮೇಲೆ ನಾವು ಮಾಡಿದ ಬದಲಾವಣೆ ದೊಡ್ಡದೇನಲ್ಲ. ನಾಳೆ ಹೋಗಬಹುದಾದವರ ಹೆಸರು ಹಿಂದಿನ ಸಂಜೆ 5ಕ್ಕೇ ಬೋರ್ಡಿಗೆ ಬರಬೇಕು. ರಾತ್ರಿ ಪಾಳಿ ಡಾಕ್ಟರ್ ಸಮ್ಮರಿಯ ಕರಡು ಬರೆದಿಡಬೇಕು, ಫಾರ್ಮಸಿ ವಾಪಸಾತಿ ರಾತ್ರಿಯೇ ಮುಗಿಯಬೇಕು. ಬೆಳಿಗ್ಗೆ ರೌಂಡ್ಸ್ ಶುರುವಿನಲ್ಲೇ ಡಿಸ್ಚಾರ್ಜ್ ಆಗುವವರನ್ನು ಮೊದಲು ನೋಡಿಬಿಡಬೇಕು. ಈ ಕೊನೆಯದಕ್ಕೆ ಡಾಕ್ಟರುಗಳನ್ನು ಒಪ್ಪಿಸೋದೇ ಕಷ್ಟವಾಯ್ತು, ತುಂಬಾ ಸೀರಿಯಸ್ ಇರುವವರನ್ನು ಮೊದಲು ನೋಡೋದು ಅವರ ಅಭ್ಯಾಸ, ಅದೂ ಸರಿಯೇ. ಕೊನೆಗೆ ಸೀರಿಯಸ್ ಇರುವವರ ನಂತರ ತಕ್ಷಣ ಇವರು ಅಂತ ಒಪ್ಪಂದವಾಯ್ತು. ಈಗ ನಮ್ಮಲ್ಲಿ ಕೈಯಿಂದ ಹಣ ಕಟ್ಟುವವರು ಸಾಮಾನ್ಯವಾಗಿ ಊಟದ ಹೊತ್ತಿಗೆ ಮನೆ ಸೇರ್ತಾರೆ.

ಮನೆಯವರ ಕಡೆಯಿಂದಲೂ ಒಂದು ವಿಷಯ ಹೇಳಲೇಬೇಕು. ಅಮಾವಾಸ್ಯೆ, ಮಂಗಳವಾರ ಬೇಡ ಅನ್ನುವವರು ತುಂಬಾ ಜನ. ಮಂಗಳವಾರ ರಾಹುಕಾಲ ಮಧ್ಯಾಹ್ನ 3ರಿಂದ 4:30, ಸರಿಯಾಗಿ ಬಿಲ್ ಕೈಗೆ ಬರೋ ಹೊತ್ತು. ನಾನು ಅದಕ್ಕೆ ಎದುರಾಡಲ್ಲ, ಸಾವಿನ ಹತ್ತಿರ ಹೋಗಿ ಬಂದವರನ್ನು ಒಳ್ಳೇ ಗಳಿಗೆ ನೋಡಿ ಮನೆ ತುಂಬಿಸಿಕೊಳ್ಳಬೇಕು ಅನ್ನೋದು ಪ್ರೀತಿಯಿಂದ ಬಂದದ್ದು. ಹಿಂದಿನ ದಿನವೇ ಹೇಳಿಬಿಟ್ಟರೆ ಆ ಗಳಿಗೆಗೆ ಮುಂಚೆ ಕಳಿಸಿಕೊಡ್ತೀವಿ. ಹಾಗೇ, ಕಾರು ತರುವ ಅಣ್ಣ, ಹಣ ಕಟ್ಟುವ ಅಳಿಯ ಯಾವಾಗ ಬರ್ತಾರೆ ಅಂತಲೂ ತಿಳಿಸಿ.

ಬೇಗ ಹೊರಡುವ ಆತುರದಲ್ಲಿ ಒಂದನ್ನು ಮಾತ್ರ ಬಿಡಬೇಡಿ. ಸಿಸ್ಟರ್ ಕೂತು ಮಾತ್ರೆಗಳನ್ನು ವಿವರಿಸುವ ಆ ಹದಿನೈದು ನಿಮಿಷ. ನನ್ನ ವಾರ್ಡಿನಿಂದ ಹೋದ ಒಬ್ಬ ಹಿರಿಯರು ಮನೆಯಲ್ಲಿದ್ದ ಹಳೇ ಬಿಪಿ ಮಾತ್ರೆಯ ಜೊತೆ ನಾವು ಕೊಟ್ಟ ಹೊಸದನ್ನೂ ನುಂಗಿದರು. ಎರಡೂ ಒಂದೇ ಔಷಧಿ, ಕಂಪನಿ ಹೆಸರು ಬೇರೆ. ನಾಲ್ಕನೇ ದಿನ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದು ವಾಪಸ್ ಬಂದರು. ಆವತ್ತು ವಿವರಿಸೋಕೆ ನನಗೆ ಪುರುಸೊತ್ತಾಗಿರಲಿಲ್ಲ, ಅದು ಇವತ್ತಿಗೂ ಕೊರೀತಿದೆ. ಮನೆಯಲ್ಲಿರುವ ಹಳೇ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ, ಯಾವುದು ನಿಲ್ಲಿಸಬೇಕು ಅಂತ ಕೇಳಿ. ಅಪ್ಪನ ಮುಂದಿನ ಚೆಕಪ್ ತಾರೀಖು ಸಮ್ಮರಿಯ ಕೊನೇ ಪುಟದಲ್ಲಿ ಇರುತ್ತೆ, ಒಮ್ಮೆ ತೆಗೆದು ನೋಡಿ.