ಪಾಚಿ ಜಾಡಿಯ ಕರೆಂಟು

ಪ್ರಶ್ನೆ: ಸಯನೋಬ್ಯಾಕ್ಟೀರಿಯಾ (ನೀಲಿ-ಹಸಿರು ಪಾಚಿ ಎನ್ನುವ ಸೂಕ್ಷ್ಮಜೀವಿಗಳು) ಬೆಳೆಸಿದ ಜಾಡಿಯಲ್ಲಿ ಎರಡು ಕಾರ್ಬನ್ ಫೆಲ್ಟ್ (ಇಂಗಾಲದ ನಾರಿನ ಬಟ್ಟೆ) ತುಂಡುಗಳನ್ನಿಟ್ಟಿದ್ದೇನೆ. ಮಲ್ಟಿಮೀಟರ್ 0.3 ವೋಲ್ಟ್ ತೋರಿಸುತ್ತದೆ, ಎಲ್‌ಇಡಿ ಮಾತ್ರ ಹೊತ್ತುವುದಿಲ್ಲ. ಏಕೆ?

ಉತ್ತರ: ಕೆಂಪು ಎಲ್‌ಇಡಿಗೇ ಸುಮಾರು 1.8 ವೋಲ್ಟ್ ಬೇಕು. ಅದಕ್ಕಿಂತ ದೊಡ್ಡ ಕೊರತೆ ಕರೆಂಟಿನದು. ಮೀಟರಿನ ಎರಡು ಕಡ್ಡಿಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಹಾಕಿ ಅಳೆಯಿರಿ. 5 ಮಿಲಿವೋಲ್ಟ್ ಉಳಿದರೆ ಹರಿಯುತ್ತಿರುವುದು 5 ಮೈಕ್ರೊಆಂಪ್ ಅಷ್ಟೇ.

ಬೆಳಕಿನಲ್ಲಿ ಈ ಜೀವಿಗಳು ಬಿಡುವ ಆಮ್ಲಜನಕವೇ ಆನೋಡಿಗೆ (ಜೀವಿಗಳಿಂದ ಎಲೆಕ್ಟ್ರಾನು ಪಡೆಯುವ ಫೆಲ್ಟ್ ತುಂಡು) ಸೇರಬೇಕಾದ ಎಲೆಕ್ಟ್ರಾನುಗಳನ್ನು ಕಸಿಯುತ್ತದೆ. ಆದ್ದರಿಂದ ಆನೋಡ್ ತಳದಲ್ಲಿರಲಿ, ಅದರ ಮೇಲೆ ಹಸಿರು ಪದರ ಕೂರಲಿ. ಕ್ಯಾಥೋಡ್, ಅಂದರೆ ಇನ್ನೊಂದು ತುಂಡು, ನೀರಿನ ಮೇಲ್ಮೈಯಲ್ಲಿ ಗಾಳಿಗೆ ತಾಗಲಿ. ತಾಮ್ರದ ತಂತಿ ನೀರಿಗಿಳಿದರೆ ಜೀವಿಗಳಿಗೆ ವಿಷ. ತಂತಿ ತುಕ್ಕು ಹಿಡಿಯುವಾಗ ಹುಟ್ಟುವ ಕರೆಂಟನ್ನು ಪಾಚಿಯದೆಂದು ನಂಬುವ ಅಪಾಯವೂ ಇದೆ. ಪಾಚಿಯಿಲ್ಲದ ಜಾಡಿಯೊಂದನ್ನು ಹೋಲಿಕೆಗೆ ಇಡಲೇಬೇಕು.

ನಿರಾಶರಾಗಬೇಡಿ: ಕೇಂಬ್ರಿಡ್ಜ್ ಸಂಶೋಧಕರು 2022ರಲ್ಲಿ ವರದಿ ಮಾಡಿದಂತೆ, ಅಲ್ಯೂಮಿನಿಯಂ ಆನೋಡಿನ ಇಂಥದೇ ಸಾಧನ ಒಂದು ಮೈಕ್ರೊಪ್ರೊಸೆಸರನ್ನು 6 ತಿಂಗಳಿಗೂ ಹೆಚ್ಚು ನಡೆಸಿತ್ತು.