ನಾಲ್ಕು ಪ್ರತಿಗಳ ಪಾಠಭೇದ ಒಂದೇ ನೋಟದಲ್ಲಿ

ಪ್ರಶ್ನೆ: ನಮ್ಮ ಮುತ್ತಜ್ಜ ರಚಿಸಿದ ಭಾಮಿನಿ ಷಟ್ಪದಿಯ ಕಾವ್ಯಕ್ಕೆ ಎರಡು ಹಸ್ತಪ್ರತಿ, ಎರಡು ಮುದ್ರಿತ ಪ್ರತಿಗಳಿವೆ. ನಾಲ್ಕನ್ನೂ ಯೂನಿಕೋಡ್‌ನಲ್ಲಿ ಬೆರಳಚ್ಚಿಸಿದ್ದೇನೆ. ವರ್ಡ್ ತಂತ್ರಾಂಶ ಒಮ್ಮೆಗೆ ಎರಡನ್ನಷ್ಟೇ ಹೋಲಿಸಿ, ಪುಟದ ತುಂಬ ಕೆಂಪು ಗೆರೆ ಎಳೆಯುತ್ತದೆ. ನಾಲ್ಕರ ವ್ಯತ್ಯಾಸವನ್ನೂ ಒಟ್ಟಿಗೆ ನೋಡುವುದು ಹೇಗೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಆ ಕೆಂಪು ಗೆರೆಗಳಲ್ಲಿ ಕೆಲವು ಪಾಠಭೇದಗಳೇ (ಪ್ರತಿಯಿಂದ ಪ್ರತಿಗೆ ನಿಜವಾಗಿ ಬದಲಾದ ಪದಗಳು) ಆಗಿರಲಾರವು. ‘ಕೊ’ ಅಕ್ಷರದಲ್ಲಿನ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎಕಾರ-ಊಕಾರಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ಆದರೂ ಕೆಲವು ತಂತ್ರಾಂಶಗಳಿಗೆ ಬೇರೆಯಾಗಿ ಕಾಣುತ್ತವೆ. ‘ಅಂಬರ’, ‘ಅಮ್ಬರ’ಗಳಂಥ ಬರವಣಿಗೆಯ ರೂಢಿಭೇದಗಳೂ ಹೀಗೆಯೇ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಮೂಲ ಕಡತಗಳನ್ನು ಹಾಗೆಯೇ ಉಳಿಸಿಕೊಂಡು, ಹೋಲಿಕೆಗಾಗಿ ಮಾತ್ರ ಏಕರೂಪಗೊಳಿಸಿದ ಇನ್ನೊಂದು ಕಡತವನ್ನು ಸಿದ್ಧಪಡಿಸಿಕೊಳ್ಳಿ.

ಷಟ್ಪದಿಯಾಗಿರುವುದು ನಿಮ್ಮ ಅದೃಷ್ಟವೆನ್ನಬೇಕು. ಪದ್ಯಕ್ಕೆ 6 ಸಾಲುಗಳೆಂಬುದು ನಿಶ್ಚಿತವಾದ್ದರಿಂದ ಪದ್ಯಸಂಖ್ಯೆ ಮತ್ತು ಸಾಲಿನ ಸಂಖ್ಯೆಯನ್ನೇ ಹಿಡಿದು, ಎಕ್ಸೆಲ್‌ನಂಥ ಕೋಷ್ಟಕದಲ್ಲಿ ಪ್ರತಿಗೊಂದರಂತೆ ನಾಲ್ಕು ಕಾಲಂಗಳಲ್ಲಿ ಪಾಠಗಳನ್ನು ಎದುರುಬದುರಾಗಿ ಇರಿಸಬಹುದು. ಪದ್ಯವೇ ಬಿಟ್ಟುಹೋಗಿರುವಲ್ಲಿ ಖಾಲಿ ಮನೆಯನ್ನು ಉಳಿಸಿ, ಸಂಖ್ಯೆಯನ್ನು ಸರಿಸಬೇಡಿ. ಬಣ್ಣ ಹಾಕುವಾಗ ‘ಬದಲಾಗಿದೆ’ ಎಂಬುದಕ್ಕೆ ಬಣ್ಣ ಕೊಡುವುದಕ್ಕಿಂತ, ಒಂದೇ ಪಾಠವುಳ್ಳ ಪ್ರತಿಗಳಿಗೆ ಒಂದೇ ಬಣ್ಣ ಕೊಡುವುದು ಹೆಚ್ಚು ಉಪಯುಕ್ತ. ಮೊದಲ ಮುದ್ರಣವು ಯಾವ ಹಸ್ತಪ್ರತಿಯನ್ನು ಅನುಸರಿಸಿದೆ, ಎಲ್ಲಿ ಅದನ್ನು ಬಿಟ್ಟು ಇನ್ನೊಂದರತ್ತ ವಾಲಿದೆ ಎಂಬುದು ಆಗ ಹತ್ತಾರು ಪದ್ಯಗಳ ಉದ್ದಕ್ಕೂ ಕಾಣತೊಡಗುತ್ತದೆ.

ಪದಮಟ್ಟದ ಹೋಲಿಕೆ ಬೇಕಿದ್ದರೆ ಕೊಲೇಟ್‌ಎಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಅದು ಹಲವು ಪ್ರತಿಗಳನ್ನು ಒಟ್ಟಿಗೆ ಹೋಲಿಸಿ, ಪಾಠಗಳು ಕೂಡುವಲ್ಲಿ ಒಂದಾಗಿ ಬೇರಾಗುವಲ್ಲಿ ಕವಲೊಡೆಯುವ ನಕ್ಷೆಯನ್ನು ಕೊಡುತ್ತದೆ. ಬಳಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರ ನೆರವು ಬೇಕಾದೀತು. ಇಡೀ ಕಾವ್ಯಕ್ಕೆ ಈ ನಕ್ಷೆ ಕಿಕ್ಕಿರಿದುಹೋಗುವುದರಿಂದ ಕ್ಲಿಷ್ಟವಾದ ಸಾಲುಗಳಿಗಷ್ಟೇ ಬಳಸುವುದು ಲೇಸು.

ಬಣ್ಣಗಳ ಬಗ್ಗೆ ಒಂದು ಎಚ್ಚರಿಕೆ. ದತ್ತಾಂಶವನ್ನು ಚಿತ್ರವಾಗಿಸುವ ವಿನ್ಯಾಸಕ ಬೆನ್ ಫ್ರೈ 2009ರಲ್ಲಿ ಡಾರ್ವಿನ್ನನ ‘ಜೀವಿಗಳ ಉಗಮ’ದ 6 ಆವೃತ್ತಿಗಳನ್ನು ಆವೃತ್ತಿಗೊಂದು ಬಣ್ಣದಂತೆ ಚಿತ್ರಿಸಿದರು. ಅವು 1859ರಿಂದ 1872ರವರೆಗೆ ಒಂದರ ನಂತರ ಒಂದು ಬಂದವು. ಹೀಗಾಗಿ ಆ ಕ್ರಮ ಸಲ್ಲುತ್ತದೆ. ನಿಮ್ಮ ಹಸ್ತಪ್ರತಿಗಳಲ್ಲಿ ಯಾವುದು ಮೊದಲಿನದೆಂದು ತಿಳಿಯುವವರೆಗೆ ‘ಹಳೆಯದು’, ‘ಹೊಸದು’ ಎಂಬರ್ಥದ ಬಣ್ಣಗಳನ್ನು ಬಳಸಬೇಡಿ. ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು) ಕೆಟ್ಟ ಪಾಠಗಳಿಗೆ ಮಾತ್ರ ಪ್ರತ್ಯೇಕ ಗುರುತು ಹಾಕಿ: ಲಿಪಿಕಾರನ ಕೈತಪ್ಪು ಅಲ್ಲಿರುವ ಸಂಭವ ಹೆಚ್ಚು.