ತೋಟದಲ್ಲಿ ಓಡಾಡಿ ಎಂದಿದ್ದೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕೋಲಾರದ ಸಮೀಪದ ಹಳ್ಳಿಯಿಂದ ಬಂದಿದ್ದ ಅವರಿಗೆ ನಲವತ್ತಾರು ವರ್ಷ. ಎರಡು ಎಕರೆಯಲ್ಲಿ ಟೊಮೆಟೊ. ನಾಲ್ಕು ತಿಂಗಳಿಂದ ಎದೆ ಡವಗುಟ್ಟುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು, ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲವೂ ಸರಿಯಾಗಿದ್ದವು. ವೈದ್ಯರು ಮಾತ್ರೆ ಬರೆದುಕೊಟ್ಟು, ಮಾತನಾಡಿಸಲು ನನ್ನ ಬಳಿ ಕಳುಹಿಸಿದ್ದರು. ಪಕ್ಕದಲ್ಲಿ ಹೆಂಡತಿ ಸುಮ್ಮನೆ ಕುಳಿತಿದ್ದರು. ಗಂಡ ಮಾತ್ರ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿಕೊಳ್ಳುತ್ತಲೇ ಇದ್ದರು. ಟೊಮೆಟೊ ಗಿಡದ ಕುಡಿ ಚಿವುಟುವವರ ಬೆರಳಿಗೆ ಹತ್ತುವ ಹಸಿರುಗಪ್ಪು ಕರೆ. ಸೋಪಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಮೊದಲ ಭೇಟಿಯಲ್ಲಿ ಎಡವಿದ್ದು ನಾನೇ. ಒತ್ತಡದ ಕಾಯಿಲೆಗೆ ಪ್ರಕೃತಿಯ ಒಡನಾಟ ಒಳ್ಳೆಯದೆಂದು ಓದಿಕೊಂಡಿದ್ದವಳು, ‘ಬೆಳಿಗ್ಗೆ ಅರ್ಧ ಗಂಟೆ ತೋಟದಲ್ಲಿ ನಿಧಾನವಾಗಿ ಓಡಾಡಿ’ ಎಂದುಬಿಟ್ಟೆ. ಮುಂದಿನ ವಾರ ಮುಖ ಇನ್ನಷ್ಟು ಬಾಡಿತ್ತು.

‘ಎಲ್ಲಿಯ ನಿಧಾನ ಮೇಡಂ? ಎರಡನೇ ಸಾಲಿನಲ್ಲೇ ಎಲೆ ಮುದುಡಿತ್ತು. ಬಿಳಿ ನೊಣ. ಎಷ್ಟು ಬಾಕ್ಸ್ ಹೋಯಿತು ಎಂದು ಅಲ್ಲೇ ನಿಂತು ಲೆಕ್ಕ ಹಾಕಿದೆ.’

ಹದಿನೈದು ಕಿಲೋ ಬಾಕ್ಸಿಗೆ ಮಂಡಿಯಲ್ಲಿ ಎಷ್ಟು ಕೂಗುತ್ತಾರೆ ಎನ್ನುವುದರ ಮೇಲೆ ಮನೆ ನಡೆಸುವವರಿಗೆ ತೋಟವೆಂದರೆ ಸಾಲದ ಪುಸ್ತಕ. ಅದರೊಳಗೆ ವಿಹಾರ ಮಾಡಿ ಎಂದಿದ್ದೆ ನಾನು! ಸ್ವೀಡನ್ನಿನ ಆಲ್ನಾರ್ಪ್‌ನಲ್ಲಿ 2002ರಲ್ಲಿ ಕೃಷಿ ವಿಶ್ವವಿದ್ಯಾಲಯವು ಒತ್ತಡದಿಂದ ಬಸವಳಿದವರಿಗಾಗಿ ಚಿಕಿತ್ಸಾ ತೋಟವನ್ನು ಆರಂಭಿಸಿತು. ಅಲ್ಲಿ ಬಂದವರನ್ನು ಮೊದಲಿಗೆ ಸುಮ್ಮನೆ ಇರಲು ಬಿಡುತ್ತಿದ್ದರು, ಏನನ್ನೂ ಮಾಡೆನ್ನುತ್ತಿರಲಿಲ್ಲ. ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಯೂ, ದಣಿದ ಗಮನ ಚೇತರಿಸಿಕೊಳ್ಳಬೇಕಾದರೆ ದಿನದ ಜಂಜಾಟದಿಂದ ದೂರವಿರಬೇಕು ಎಂದಿದ್ದರು. ಓದುವಾಗ ಆ ಸಾಲನ್ನು ಹಾರಿಸಿದ್ದೆನೇನೋ.

ಎರಡನೇ ಭೇಟಿಯಲ್ಲಿ ಇನ್ನೊಂದನ್ನೂ ನೇರವಾಗಿ ಕೇಳಿದೆ: ಸಾಯಬೇಕು ಅನ್ನಿಸುತ್ತದೆಯೇ? ಬಹಳ ಹೊತ್ತು ಬೆರಳು ಉಜ್ಜಿದರು. ‘ಬೆಳಗಾಗದಿದ್ದರೆ ಚೆನ್ನ ಅನ್ನಿಸಿದ್ದುಂಟು. ಹಾಗೆ ಮಾಡಿಕೊಳ್ಳುವ ಯೋಚನೆ ಇಲ್ಲ.’ ಕೀಟನಾಶಕದ ಡಬ್ಬಿಗಳಿಗೆ ಅಂದೇ ಬೀಗ ಹಾಕಿಸಿ, ಕೀಲಿಯನ್ನು ಹೆಂಡತಿಯ ಕೈಗೆ ಕೊಡಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಉಳಿಸಿದೆವು. ವೈದ್ಯರಿಗೂ ತಿಳಿಸಿದೆ. ಮಾತ್ರೆ ನಿಲ್ಲಿಸಕೂಡದು. ಸಾಲದ ಕಂತಿನ ಬಗ್ಗೆ ಬ್ಯಾಂಕಿಗೆ ಹೋಗಿ ಮಾತನಾಡಬೇಕು. ಯಾವ ಮರವೂ ಬಡ್ಡಿ ಕಟ್ಟುವುದಿಲ್ಲ.

ಆಮೇಲೆ ಜಾಗ ಹುಡುಕಿದೆವು. ಮಂಡಿಗೆಂದು ವಾರಕ್ಕೆ ಎರಡು ಸಲವಾದರೂ ಕೋಲಾರಕ್ಕೆ ಬರುತ್ತಾರೆ. ಹರಾಜು ಮುಗಿದ ಮೇಲೆ ಒಂದು ಗಂಟೆ ಊರ ಪಕ್ಕದ ಬೆಟ್ಟದಲ್ಲಿರುವ ಅಂತರಗಂಗೆಯ ಚಿಲುಮೆಯ ಬಳಿ ಕುಳಿತು ಬನ್ನಿ ಎಂದೆ. ಭಾನುವಾರ ಬೇಡ, ಜನಜಂಗುಳಿ. ಮೊಬೈಲು ಹೆಂಡತಿಯ ಬಳಿ ಇರಲಿ. ಹರಕೆ ಹೊರುವುದು ಬೇಡ, ಧ್ಯಾನವೂ ಬೇಡ. ಕಲ್ಲು ಬಸವನ ಬಾಯಿಂದ ನೀರು ಬೀಳುವ ಸದ್ದು ಕೇಳಿಸುವಷ್ಟು ಹತ್ತಿರ, ನೆರಳಿದ್ದಲ್ಲಿ ಕುಳಿತರೆ ಸಾಕು. ವಾರಕ್ಕೆ ಎರಡು ಗಂಟೆ ಎಂಬ ಲೆಕ್ಕ ನನ್ನದಲ್ಲ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನವೊಂದರಲ್ಲಿ, ವಾರಕ್ಕೆ ಕನಿಷ್ಠ 120 ನಿಮಿಷ ಪ್ರಕೃತಿಯ ನಡುವೆ ಕಳೆಯುವವರಲ್ಲಿ ಆರೋಗ್ಯ ಚೆನ್ನಾಗಿದೆ ಎಂದವರು ಹೆಚ್ಚಿದ್ದರು. ಅದರಿಂದಲೇ ಚೆನ್ನಾಯಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ, ಆದರೂ ಪ್ರಯತ್ನಕ್ಕೆ ಒಂದು ಅಳತೆ ಸಿಕ್ಕಿತು.

ಮೊದಲ ಸಲ ಹತ್ತು ನಿಮಿಷಕ್ಕೇ ಎದ್ದು ಬಂದರಂತೆ. ಎರಡನೇ ಸಲ ಕೋತಿಯೊಂದು ಕಡಲೆಪುರಿಯ ಪೊಟ್ಟಣ ಕಿತ್ತುಕೊಂಡು ಹೋಯಿತು. ಅದನ್ನು ಹೇಳುವಾಗ ನಕ್ಕರು. ನಾನು ನೋಡಿದ ಅವರ ಮೊದಲ ನಗು ಅದು. ಐದನೇ ವಾರಕ್ಕೆ, ‘ನೀರು ಒಂದೇ ಸಮ ಬೀಳುವುದಿಲ್ಲ ಮೇಡಂ, ಕಿವಿಗೊಟ್ಟರೆ ಗೊತ್ತಾಗುತ್ತದೆ’ ಎಂದರು. ಎಂಟನೇ ವಾರದ ಹೊತ್ತಿಗೆ ರಾತ್ರಿಯ ನಿದ್ದೆ ಐದು ಗಂಟೆಗಳಷ್ಟಾಗಿತ್ತು. ಸಾಲ ಇನ್ನೂ ಇದೆ, ಎದೆ ಆಗಾಗ ಡವಗುಟ್ಟುತ್ತದೆ. ಮಾತ್ರೆಯ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ.

ಆ ದಿನ ಹೊರಡುವಾಗ ಹೆಂಡತಿ ಚೀಲದಿಂದ ಅವರ ಮೊಬೈಲು ತೆಗೆದು ಕೊಟ್ಟರು. ಆ ಬೆರಳುಗಳಲ್ಲೂ ಅದೇ ಹಸಿರುಗಪ್ಪು ಕರೆ. ಎಂಟು ವಾರದಲ್ಲಿ ‘ನಿಮಗೆ ನಿದ್ದೆ ಬರುತ್ತದೆಯೇನಮ್ಮಾ’ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದೆ. ಅವರು ಮತ್ತೆ ಕುರ್ಚಿಯ ಮೇಲೆ ಕುಳಿತರು.